ಮಕ್ಕಳ ಕ್ರಿಸ್‌ಮಸ್ ಕಿಟ್‌ಗೆ ಬಟನ್ ಸೆಲ್ ದೀಪ ಹಾಕಬೇಡಿ

ಕಳೆದ ಡಿಸೆಂಬರ್‌ನಲ್ಲಿ ನಾನು ಕೈಯಾರೆ ತುಂಬಿಸಿ ಕೊಟ್ಟ ಕ್ರಾಫ್ಟ್ ಕಿಟ್‌ನಿಂದ ಒಂದೂವರೆ ವರ್ಷದ ಮಗು ಆಸ್ಪತ್ರೆ ಸೇರಿತು. ಈ ವರ್ಷ ನಿಮ್ಮಲ್ಲೂ ಕೆಲವರು ಮಕ್ಕಳಿಗೆ ಕಿಟ್ ಮಾಡಲು ಹೊರಟಿರುತ್ತೀರಿ. ಸಾಮಾನು ತರುವ ಮೊದಲು ದಯವಿಟ್ಟು ಇದನ್ನು ಓದಿ.

ನಮ್ಮದು ಮಂಗಳೂರು. ಡಿಸೆಂಬರ್ ಬಂತೆಂದರೆ ಇಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು, ನಕ್ಷತ್ರ, ಗೋದಲಿಯ ಸಡಗರ. ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಅದಕ್ಕೆ ಹಸಿರು ಹುಲ್ಲು ಬೇಕೆಂದು ಮಕ್ಕಳು ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತುತ್ತಾರೆ. ಈಗಿನ ಮಕ್ಕಳಿಗೂ ಇದೆಲ್ಲ ಕೈಗೆ ಹತ್ತಲಿ ಎಂದು ನಾನು ನಲವತ್ತು ಕಿಟ್ ಮಾಡಿದೆ. ಒಂದು ಸಣ್ಣ ಪೊಟ್ಟಣ ರಾಗಿ, ಐಸ್‌ಕ್ರೀಮ್ ಕಡ್ಡಿ, ಗಾಳಿಪಟದ ಕಾಗದ, ಹತ್ತಿ, ದಾರ, ಅಂಟು. ಜೊತೆಗೆ ನಕ್ಷತ್ರದ ಒಳಗೆ ಇಡಲು, ನಾಣ್ಯದಂಥ ಬಟನ್ ಸೆಲ್‌ನಿಂದ ಹತ್ತುವ ಒಂದೊಂದು ಪುಟ್ಟ ಎಲ್‌ಇಡಿ ಮೇಣದಬತ್ತಿ. ಬೆಂಕಿಯ ಭಯ ಇಲ್ಲ ಅಲ್ವಾ ಎಂದು ಅದನ್ನೇ ಆರಿಸಿದ್ದೆ. ಕವರ್ ಮೇಲೆ ‘5 ವರ್ಷ ಮೇಲ್ಪಟ್ಟವರಿಗೆ’ ಎಂದು ದೊಡ್ಡದಾಗಿ ಬರೆದಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಕಿಟ್ ತೆಗೆದುಕೊಂಡವನು ಏಳು ವರ್ಷದ ಹುಡುಗ. ಚಂದದ ನಕ್ಷತ್ರ ಮಾಡಿದ. ಆದರೆ ಅವನ ಮನೆಯಲ್ಲಿ ಒಬ್ಬಳು ಪುಟ್ಟ ತಂಗಿಯೂ ಇದ್ದಳು. ನಾನು ಯೋಚಿಸದೇ ಹೋದದ್ದು ಇದನ್ನೇ. ಕಿಟ್ ಅದರ ಮೇಲೆ ಹೆಸರಿರುವ ಮಗುವಿನ ಕೈಗೆ ಮಾತ್ರ ಹೋಗುವುದಿಲ್ಲ, ಇಡೀ ಮನೆಗೆ ಹೋಗುತ್ತದೆ.

ಅವತ್ತು ಸಂಜೆಯಿಂದ ಮಗು ಜೊಲ್ಲು ಸುರಿಸುತ್ತಿತ್ತಂತೆ. ಗಂಜಿ ಬಾಯಿಗಿಟ್ಟರೆ ಉಗುಳುತ್ತಿತ್ತು, ಆಗಾಗ ಕೆಮ್ಮು. ಹಲ್ಲು ಬರುತ್ತಿರಬೇಕು, ಶೀತ ಇರಬೇಕು ಎಂದು ಮನೆಯವರು ಅಂದುಕೊಂಡರು. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು. ರಾತ್ರಿ ಒಂಬತ್ತೂವರೆಗೆ ಹುಡುಗ ‘ದೀಪ ಹತ್ತುತ್ತಿಲ್ಲ’ ಎಂದು ಅತ್ತಾಗಲೇ ಅಮ್ಮ ಅದನ್ನು ತಿರುಗಿಸಿ ನೋಡಿದ್ದು. ಅಡಿಯ ಮುಚ್ಚಳ ಕಳಚಿತ್ತು. ತಕ್ಷಣ ನನಗೆ ಫೋನ್ ಮಾಡಿದರು. “ಅಕ್ಕ, ಕ್ಯಾಂಡಲ್‌ನ ಸೆಲ್ ಕಾಣ್ತಾ ಇಲ್ಲ ಮಾರಾಯ್ರೆ.”

ನಾನು ಹೇಳಿದ್ದು, “ಸೋಫಾ ಕೆಳಗೆ ನೋಡಿ, ಅಲ್ಲೇ ಎಲ್ಲೋ ಬಿದ್ದಿರುತ್ತದೆ.”

ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ. ಅರ್ಧ ಗಂಟೆ ಅವರು ಸೋಫಾ, ಮಂಚ, ಚಾಪೆ ಎಲ್ಲ ಎತ್ತಿ ಹುಡುಕಿದರು. ಪಕ್ಕದ ಮನೆಯವರು ಬಂದು, ನುಂಗಿದ್ದರೆ ಬಾಳೆಹಣ್ಣು ತಿನ್ನಿಸಿ, ನಾಳೆ ಬೆಳಿಗ್ಗೆ ಹೊರಗೆ ಹೋಗುತ್ತದೆ ಎಂದರು. ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಯುವಾಗ ಹನ್ನೊಂದೂವರೆ ದಾಟಿತ್ತು. ಅನ್ನನಾಳದಲ್ಲಿ ದುಂಡಗಿನ ಬಿಳಿ ಬಿಲ್ಲೆ ಕಂಡಿತು. ನಾಣ್ಯವಾದರೆ ಅಂಚು ಒಂದೇ ಗೆರೆ, ಇದು ಸೆಲ್, ನೋಡಿ ಉಂಗುರದೊಳಗೆ ಉಂಗುರ ಎಂದು ಡಾಕ್ಟರ್ ತೋರಿಸಿದರು. ಪ್ರಜ್ಞೆ ತಪ್ಪಿಸಿ, ಎಂಡೋಸ್ಕೋಪಿ ಮಾಡಿ ತೆಗೆದರು. ಅಷ್ಟರಲ್ಲಿ ಒಳಗೆ ಸುಟ್ಟಿತ್ತು. ಮೂಗಿನ ನಳಿಕೆಯಲ್ಲಿ ಹಾಲು ಕೊಡುತ್ತಾ ಒಂಬತ್ತು ದಿನ. ಆ ಮನೆಯ ಹಬ್ಬ ಆಸ್ಪತ್ರೆಯ ಕಾರಿಡಾರಿನಲ್ಲೇ ಮುಗಿಯಿತು. ಆಮೇಲೆ ಗಾಯ ಮಾಗುವಾಗ ಅನ್ನನಾಳ ಕಿರಿದಾಯಿತು. ಅದನ್ನು ಹಿಗ್ಗಿಸಲು ಎರಡು ಸಲ ಮತ್ತೆ ಹೋಗಬೇಕಾಯಿತು. ಈಗ ಮಗು ಮೆತ್ತಗಿನ ಅನ್ನ ತಿನ್ನುತ್ತಿದೆ.

ಸೆಲ್ ಸೋರಿದರೆ ಮಾತ್ರ ಅಪಾಯ ಎಂದು ನಾನೂ ನಂಬಿದ್ದೆ. ಹಾಗಲ್ಲ. ಗಂಟಲಿನ ತೇವ ತಗುಲಿದ ಕೂಡಲೇ ಸೆಲ್‌ನ ಎರಡು ಬದಿಗಳ ನಡುವೆ ಕರೆಂಟ್ ಹರಿಯುತ್ತದೆ. ನೆಗೆಟಿವ್ ಬದಿಯಲ್ಲಿ ತೀಕ್ಷ್ಣ ಕ್ಷಾರ ಹುಟ್ಟಿ ಮಾಂಸವನ್ನು ಸುಡುತ್ತದೆ. ಎರಡು ಗಂಟೆಯೊಳಗೇ ದೊಡ್ಡ ಗಾಯ ಆಗಬಹುದು. ಇಂಥ ಮೇಣದಬತ್ತಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032. ಅಗಲ 20 ಮಿಲಿಮೀಟರ್, 3 ವೋಲ್ಟ್. ಪುಟ್ಟ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವಂಥ ಅಳತೆ. ದೀಪ ಹತ್ತದಷ್ಟು ಖಾಲಿಯಾದ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮೂಗು, ಕಿವಿಗೆ ತುರುಕಿಕೊಂಡರೂ ಇದೇ ಕಥೆ. ನಾನು ಆಮೇಲೆ ಹಸಿ ಕೋಳಿಮಾಂಸದ ತುಂಡಿನ ಮೇಲೆ ಒಂದು ಸೆಲ್ ಇಟ್ಟು ನೋಡಿದೆ. ಸ್ವಲ್ಪ ಹೊತ್ತಿಗೇ ನೊರೆ, ಆಮೇಲೆ ಕಪ್ಪು ಕಲೆ. ನೋಡುತ್ತಾ ಕೂರಲು ಆಗಲಿಲ್ಲ.

ಅಮೆರಿಕದಲ್ಲಿ ಹೀಗೆ ಸೆಲ್ ನುಂಗಿ ರೀಸ್ ಎಂಬ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಅವಳ ತಾಯಿಯ ಹೋರಾಟದಿಂದ 2022ರಲ್ಲಿ ಅವಳ ಹೆಸರಲ್ಲೇ ಕಾನೂನು ಬಂತು. ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ನಾನು ತಂದ ದೀಪದ ಡಬ್ಬದ ಮೇಲೆ ಇದ್ದದ್ದು ‘ಅಲಂಕಾರಕ್ಕೆ’ ಎಂದು, ಆಟಿಕೆ ಎಂದಲ್ಲ. ಐಎಸ್‌ಐ ಗುರುತೂ ಇರಲಿಲ್ಲ, ಮುಚ್ಚಳಕ್ಕೆ ಸ್ಕ್ರೂ ಕೂಡ ಇರಲಿಲ್ಲ. ಅಲಂಕಾರದ ವಸ್ತುವನ್ನು ಮಕ್ಕಳ ಕಿಟ್‌ಗೆ ಹಾಕಿ ಆಟಿಕೆ ಮಾಡಿದವಳು ನಾನು.

ಸೆಲ್ ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಹುಡುಕುತ್ತಾ ಕೂರಬೇಡಿ. ಎಕ್ಸ್‌ರೇ, ಎಂಡೋಸ್ಕೋಪಿ ಎರಡೂ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ‘ಸೆಲ್ ನುಂಗಿದೆ’ ಎಂದು ಬಾಗಿಲಲ್ಲೇ ಹೇಳಿ, ಇಲ್ಲವಾದರೆ ಶೀತ ಕೆಮ್ಮಿನವರ ಸಾಲಿನಲ್ಲಿ ಕೂರಬೇಕಾದೀತು. ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನ ಏನೂ ಬೇಡ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು. ಆರು ಸಲಕ್ಕಿಂತ ಜಾಸ್ತಿ ಬೇಡ. ನುಂಗಿ ಹನ್ನೆರಡು ಗಂಟೆ ಕಳೆದಿದ್ದರೆ ಅದೂ ಬೇಡ. ಜೇನು ಸುಡುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಜೇನು ಹುಡುಕಲು ನಿಲ್ಲಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು.

ಈ ವರ್ಷ ನನ್ನ ಕಿಟ್‌ನಲ್ಲಿ ದೀಪ ಇಲ್ಲ. ನಕ್ಷತ್ರದ ಒಳಗೆ ಬಲ್ಬ್ ಇಡುವುದು ದೊಡ್ಡವರ ಕೆಲಸ, ಮೊದಲೂ ಹಾಗೇ ಇತ್ತು. ಗೆಜ್ಜೆ, ಮಣಿ, ಗುಂಡಿಯಂಥ ಸಣ್ಣ ಸಾಮಾನು ಏನೂ ಹಾಕಿಲ್ಲ. ಆಟಿಕೆ ಪರೀಕ್ಷೆಗೆ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಕ್ಕಳ ಉಸಿರು ಕಟ್ಟಿಸಬಹುದು ಎಂಬುದು ಲೆಕ್ಕ. ಹೆಸರು ಬರೆಸುವಾಗ ‘ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರಾ’ ಎಂದೂ ಕೇಳುತ್ತೇನೆ. ರಾಗಿ ಮಾತ್ರ ಹಾಗೇ ಉಳಿದಿದೆ.

ಕಳೆದ ವರ್ಷ ಆ ಮಗು ಆಸ್ಪತ್ರೆ ಸೇರಿದ ಮರುದಿನದಿಂದಲೇ ಮನೆಮನೆಗೆ ಹೋಗಿ ದೀಪಗಳನ್ನು ವಾಪಸ್ ತಂದೆ. ಸೆಲ್‌ಗಳನ್ನು ಒಂದೊಂದಾಗಿ ತೆಗೆದು, ಎರಡೂ ಬದಿಗೆ ಟೇಪ್ ಸುತ್ತಿ ಇ-ಕಸಕ್ಕೆ ಕೊಟ್ಟೆ. ಆ ಮಗುವಿನ ಮನೆಯದ್ದು ಬಿಟ್ಟು ಮೂವತ್ತೊಂಬತ್ತು ಬರಬೇಕಿತ್ತು. ಮೂವತ್ತಾರು ಬಂದಿವೆ. ಉಳಿದ ಮೂರು ಎಲ್ಲಿವೆಯೋ ಯಾರಿಗೂ ನೆನಪಿಲ್ಲ. ನಮ್ಮ ಕಿಟ್ ತೆಗೆದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಟ್ಟದ ಮೇಲಿನ ಹಬ್ಬದ ಪೆಟ್ಟಿಗೆಯನ್ನು ಇವತ್ತೇ ಇಳಿಸಿ ನೋಡಿ. ಬಿಳಿ ಬಣ್ಣದ, ಅಡಿಯಲ್ಲಿ ಸಣ್ಣ ಸ್ವಿಚ್ ಇರುವ ಮೇಣದಬತ್ತಿ. ಸಿಕ್ಕರೆ ಫೋನ್ ಮಾಡಿ, ನಾನೇ ಬಂದು ಒಯ್ಯುತ್ತೇನೆ.