ಬಸ್ ನಿಲ್ದಾಣದಲ್ಲಿ ಯಾರಾದರೂ ನಿಮ್ಮ ಮೊಣಕೈ ಹಿಡಿದು ಮಾತನಾಡಿಸಿದರೆ ಎಚ್ಚರ

ಸೋರಿಯಾಸಿಸ್ (ಚರ್ಮ ಕೆಂಪಾಗಿ ಚಕ್ಕೆ ಏಳುವ ಕಾಯಿಲೆ) ಇರುವವರು, ಮನೆಯಲ್ಲಿ ಅಂಥವರಿರುವವರು ದಯವಿಟ್ಟು ಪೂರ್ತಿ ಓದಿ. 27,200 ರೂಪಾಯಿ ಕಳೆದುಕೊಂಡು ಬರೆಯುತ್ತಿದ್ದೇನೆ. ಕಾಫಿ ವ್ಯಾಪಾರಿ ತೂಕದಲ್ಲಿ ಅರ್ಧ ಕಿಲೋ ಹೊಡೆದರೂ ಜಗಳಕ್ಕೆ ನಿಲ್ಲುವ ನಾನು, ತಕ್ಕಡಿಯ ಮುಂದೆಯೇ ಕುಳಿತು ಮೋಸ ಹೋದೆ. ಎರಡು ತಿಂಗಳಿಂದ ಇದು ನಿದ್ದೆ ಕೆಡಿಸಿದೆ.

ನನಗೆ ಹನ್ನೊಂದು ವರ್ಷದಿಂದ ಈ ಕಾಯಿಲೆ. ಮೊಣಕೈ, ಮೊಣಕಾಲು, ತಲೆ. ಮೈಸೂರಿನ ಚರ್ಮವೈದ್ಯರು ಮೊದಲ ದಿನವೇ ಬಿಡಿಸಿ ಹೇಳಿದ್ದರು: ಬೇರೆಯವರ ಚರ್ಮ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ನಿಮ್ಮದು ನಾಲ್ಕೈದು ದಿನದಲ್ಲಿ ಮೇಲೆ ಬಂದುಬಿಡುತ್ತದೆ, ಅದಕ್ಕೇ ಈ ಹೊಟ್ಟು. ಅಂಟುವ ರೋಗವಲ್ಲ, ಪೂರ್ತಿ ಹೋಗುವುದೂ ಇಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಮೈಯ ತೇವ ಆರುವ ಮೊದಲೇ ಮುಲಾಮು. ಕೊಡಗಿನ ಚಳಿಯಲ್ಲಿ ಹಂಡೆಯ ಸುಡುನೀರು ಬಿಡುವುದು ಎಷ್ಟು ಕಷ್ಟ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಚರ್ಮಕ್ಕೆ ಅತಿನೇರಳೆ ಬೆಳಕು ಹಾಯಿಸುವ ಬೆಳಕಿನ ಚಿಕಿತ್ಸೆಗೆ ವಾರಕ್ಕೆರಡು ಸಲ ಮೈಸೂರಿಗೆ ಬನ್ನಿ ಎಂದರು. ಹೋಗಿಬರಲು ಇನ್ನೂರು ಕಿಲೋಮೀಟರ್ ಮೀರುತ್ತದೆ. ಕೊಯ್ಲಿನ ಹೊತ್ತಿಗೆ ತೋಟ ಬಿಟ್ಟು ಹೋಗುವುದು ಹೇಗೆ? ಒಂದು ತಿಂಗಳು ಹೋದೆ, ಬಿಟ್ಟೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ನವೆಂಬರ್ ಮೊದಲ ವಾರ, ಮಂಗಳವಾರ, ಕುಶಾಲನಗರದ ಸಂತೆ ದಿನ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದೆ, ಅರ್ಧ ತೋಳಿನ ಅಂಗಿ. ಪಕ್ಕಕ್ಕೆ ಬಂದವನು ತರಕಾರಿ ಚೀಲ ಕೆಳಗಿಟ್ಟು ನನ್ನ ಮೊಣಕೈ ಹಿಡಿದುಕೊಂಡ. ನಿಜವಾಗಿ ಹಿಡಿದುಕೊಂಡ. ಚಕ್ಕೆಯ ಮೇಲೆ ಹೆಬ್ಬೆರಳು ಆಡಿಸಿ, "ಅಣ್ಣಾ, ನನ್ನ ಬಾವನಿಗೂ ಇದೇ ಇತ್ತು, ಬೆನ್ನು ತುಂಬಾ" ಎಂದ. ಹನ್ನೊಂದು ವರ್ಷದಲ್ಲಿ ಹೊರಗಿನವರೊಬ್ಬರೂ ಆ ಜಾಗ ಮುಟ್ಟಿರಲಿಲ್ಲ. ಚಿಲ್ಲರೆಯನ್ನೂ ಮೇಲಿಂದ ಬೀಳಿಸುವವರಿದ್ದಾರೆ. ನಾನು ಕರಗಿದ್ದು ಅಲ್ಲೇ. ಔಷಧಿಯ ಮಾತು ಅವನು ಎತ್ತಲೇ ಇಲ್ಲ, ಕೇಳಿದವನು ನಾನೇ! ಎಂಥ ಚಾಲಾಕಿ ನೋಡಿ.

ಅವನೇ ಅಂಗಡಿಗೆ ಕರೆದುಕೊಂಡು ಹೋದ. ಬೋರ್ಡಿಲ್ಲ, ಮಹಡಿಯ ಕೋಣೆ, ಆರೇಳು ಡಬ್ಬಿ, ಅಕ್ಕಸಾಲಿಗರ ಮೇಜಿನಲ್ಲಿ ಇರುವಂಥ ಸಣ್ಣ ತಕ್ಕಡಿ. "ಭಸ್ಮಕ್ಕೆ ಆರುನೂರ ಐವತ್ತು" ಎಂದರು ಅಂಗಡಿಯವರು. ಸರಿ, ಅಷ್ಟು ಹೋದರೆ ಹೋಗಲಿ ಎಂದುಕೊಂಡೆ. ಒಂದೊಂದೇ ಡಬ್ಬಿಯಿಂದ ಚಮಚದಲ್ಲಿ ತೆಗೆದು, ತೂಗಿ, ಕಲ್ಲಿನ ಬಟ್ಟಲಲ್ಲಿ ಅರೆದರು. ಕೈ ಅರೆಯುತ್ತಿದ್ದರೆ ಬಾಯಿ ಮಳೆಯ ಬಗ್ಗೆ, ಕರಿಮೆಣಸಿನ ಬೆಲೆಯ ಬಗ್ಗೆ ಮಾತನಾಡುತ್ತಿತ್ತು. ಎಲ್ಲಾ ಬೆರೆತ ಮೇಲೆ ಚೀಟಿ ಮುಂದಿಟ್ಟರು: 40 ಗ್ರಾಂ, 26,000. ಎಣ್ಣೆಗೆ 1,200.

"ಆರುನೂರ ಐವತ್ತು ಎಂದಿರಲ್ಲ?"

"ಗ್ರಾಂಗೆ ಅಣ್ಣಾ."

"ಬೇಡ ನನಗೆ."

"ಬೆರೆಸಿ ಆಯಿತಲ್ಲ. ಇನ್ನು ಯಾರಿಗೆ ಕೊಡಲಿ? ನಿಮ್ಮ ಮೈಗೆಂದೇ ಕಲಸಿದ್ದು."

ಎದ್ದು ಬರಬೇಕಿತ್ತು. ಬರಲಿಲ್ಲ. ಕಾರಣ ಇಂದಿಗೂ ಸರಿಯಾಗಿ ಹೇಳಲಾರೆ, ನಾಚಿಕೆ ಎಂದೇ ಕಾಣುತ್ತದೆ. ಮೊಬೈಲ್‌ನಿಂದ 9,200 ಕಳುಹಿಸಿದೆ. ಉಳಿದ 18,000ಕ್ಕೆ ಅಂಗಡಿಯ ಹುಡುಗ ಎಟಿಎಂವರೆಗೆ ಕೊಡೆ ಹಿಡಿದುಕೊಂಡು ಜೊತೆಗೇ ಬಂದ. ಮಳೆಯಲ್ಲಿ ನಾನು ನೆನೆಯಬಾರದಂತೆ! ಬಸ್ ನಿಲ್ದಾಣದವನು ಅಷ್ಟರಲ್ಲಿ ಮಾಯ.

ಪಥ್ಯದ ಪಟ್ಟಿ ಬೇರೆ: ಹಂದಿಮಾಂಸ ಕೂಡದು, ಮೊಸರು ಕೂಡದು, ಬದನೆ ಕೂಡದು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ನಂಟರೆಲ್ಲ ಪಂದಿಕರಿ ಉಣ್ಣುವಾಗ ನಾನು ಗಂಜಿ ಕುಡಿದೆ. ಮೂರೇ ವಾರಕ್ಕೆ ಚಕ್ಕೆ ಉದುರಿ ಚರ್ಮ ನುಣುಪಾಗಿದ್ದು ನಿಜ, ಸುಳ್ಳು ಹೇಳುವುದಿಲ್ಲ. ಅಂಗಿಯ ತೋಳು ಮಡಚಿಕೊಂಡು ಊರೆಲ್ಲ ತಿರುಗಿದೆ. ಇಬ್ಬರಿಗೆ ಅಂಗಡಿಯ ಗುರುತು ಕೂಡ ಹೇಳಿದೆ. ದೇವರ ದಯೆ, ಅವರು ಹೋಗಲಿಲ್ಲ.

ಪುಡಿ ಮುಗಿದ ಎಂಟು ದಿನಕ್ಕೆ ಮೊದಲು ಇಲ್ಲದಿದ್ದ ಹೊಟ್ಟೆ, ತೊಡೆಯ ಮೇಲೂ ಕೆಂಪು ಎದ್ದಿತು. ಆಮೇಲೆ ಕೀವುಗುಳ್ಳೆ, ಜ್ವರ, ನಡುಕ. ಅಂಗಡಿಯವರಿಗೆ ಫೋನ್ ಮಾಡಿದೆ. ಮೊದಲನೆಯ ಸಲ: "ಒಳಗಿನ ವಿಷ ಹೊರಗೆ ಬರುತ್ತಿದೆ ಅಣ್ಣಾ, ಒಳ್ಳೆಯ ಲಕ್ಷಣ." ಎರಡನೆಯ ಸಲ: "ಹುತ್ತರಿಗೆ ಹಂದಿಮಾಂಸ ತಿಂದಿರುತ್ತೀರಿ, ಕೊಡಗಿನವರು ಬಿಡುತ್ತೀರಾ?" ಇದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು. ಗಂಜಿ ಕುಡಿದವನಿಗೆ ಈ ಮಾತು! ಮೂರನೆಯ ಸಲ: "ಇನ್ನೂ 40 ಗ್ರಾಂ ತೆಗೆದುಕೊಳ್ಳಿ, ನಿಮಗೆಂದು ಐನೂರಕ್ಕೆ ಹಾಕುತ್ತೇನೆ." ನಾಲ್ಕನೆಯ ಸಲ ರಾಂಗ್ ನಂಬರ್ ಆಯಿತು.

ಮಡಿಕೇರಿಯಲ್ಲಿ ಆರು ದಿನ ಆಸ್ಪತ್ರೆ ವಾಸ. ಉಬ್ಬಿದ ಮುಖ, ಏರಿದ ಸಕ್ಕರೆ ನೋಡಿದ ವೈದ್ಯೆ ಪುಡಿಯಲ್ಲಿ ಸ್ಟಿರಾಯ್ಡ್ (ಉರಿಯೂತವನ್ನು ಬೇಗ ತಗ್ಗಿಸುವ ಬಲವಾದ ಔಷಧಿ) ಇದ್ದಿರಬೇಕು ಎಂದು ಶಂಕಿಸಿದರು. ಸೋರಿಯಾಸಿಸ್ ಇರುವವರು ಅದನ್ನು ಹೊಟ್ಟೆಗೆ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಹೀಗೆ ಕೀವುಗುಳ್ಳೆಯಾಗಿ ತಿರುಗಿಬೀಳಬಹುದಂತೆ. ಹಚ್ಚುವ ಎಷ್ಟೋ ಸ್ಟಿರಾಯ್ಡ್ ಮುಲಾಮುಗಳನ್ನೇ 2018ರಲ್ಲಿ ಕೇಂದ್ರ ಸರ್ಕಾರ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಪಟ್ಟಿಗೆ ಸೇರಿಸಿದೆ, ನೀವು ಹೆಸರಿಲ್ಲದ ಪುಡಿ ನುಂಗಿದ್ದೀರಲ್ಲ ಎಂದು ಬೈದರು. ಡಬ್ಬಿ ತಂದುಕೊಡಿ, ಪರೀಕ್ಷೆ ಮಾಡಿಸಬಹುದು ಎಂದರು. ತಳದಲ್ಲಿ ಉಳಿದಿದ್ದ ಚೂರನ್ನೂ ಡಬ್ಬಿಯನ್ನೂ ನಾನು ಸಿಟ್ಟಿನಲ್ಲಿ ಒಲೆಗೆ ಹಾಕಿದ್ದೆ. ಚೀಟಿಯಲ್ಲಿ ಅಂಗಡಿಯ ಹೆಸರಿಲ್ಲ, "ಗಿಡಮೂಲಿಕೆ ಸಾಮಾನು" ಎಂದಷ್ಟೇ ಇದೆ. ಅದನ್ನೇ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೋದೆ. ದೂರು ಬರೆದುಕೊಂಡಿದ್ದಾರೆ. ಮಹಡಿಯ ಕೋಣೆಗೆ ಈಗ ಬೀಗ.

ಆಯುರ್ವೇದವನ್ನು ಬೈಯುತ್ತಿಲ್ಲ. ಓದಿ ಬಂದ ಆಯುರ್ವೇದ ವೈದ್ಯರು ನಮ್ಮಲ್ಲೇ ಇದ್ದಾರೆ, ಅವರು ಬಸ್ ನಿಲ್ದಾಣಕ್ಕೆ ಬಂದು ರೋಗಿ ಹುಡುಕುವುದಿಲ್ಲ.

ಬೇರೂರಿದ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುತ್ತೇನೆ ಎಂದವನ ಬಳಿ ಕುಳಿತುಕೊಳ್ಳಬೇಡಿ. ಗ್ರಾಂ ಲೆಕ್ಕ ಎಂದು ಕಿವಿಗೆ ಬಿದ್ದ ಕೂಡಲೇ ಎದ್ದು ಬನ್ನಿ, ಬೆರೆಸಿದ್ದರೆ ಬೆರೆಸಿಕೊಳ್ಳಲಿ. ಆಗಲೇ ತಿನ್ನುತ್ತಿದ್ದೀರಾದರೆ ನಿಮ್ಮಷ್ಟಕ್ಕೆ ನಿಲ್ಲಿಸದೆ ಇಂದೇ ವೈದ್ಯರಿಗೆ ತೋರಿಸಿ. ಡಬ್ಬಿ ಸುಡಬೇಡಿ.

ನಾನು ಮತ್ತೆ ಮೈಸೂರಿನ ಬೆಳಕಿನ ಚಿಕಿತ್ಸೆಗೆ ಹೆಸರು ಬರೆಸಿದ್ದೇನೆ. ಕೊಯ್ಲು ಮೈದುನ ನೋಡಿಕೊಳ್ಳುತ್ತಿದ್ದಾನೆ. 27,200 ಎಂದು ಮನೆಯಲ್ಲಿ ಇನ್ನೂ ಹೇಳಿಲ್ಲ, 7,200 ಎಂದು ಹೇಳಿದ್ದೇನೆ.