ಲೋಹಾರ್ ಚಾಳ್‌ನಲ್ಲಿ ಅರ್ಧ ದಿನ: 1380 ರೂಪಾಯಿಯ ಕ್ರಿಸ್ಮಸ್ ಶಾಪಿಂಗ್

ಡಿಸೆಂಬರ್ ಎರಡನೇ ವಾರ ಮುಗಿದರೂ ನಮ್ಮ ಬಾಲ್ಕನಿಯಲ್ಲಿ ನಕ್ಷತ್ರ ಇರಲಿಲ್ಲ. ಮುಂಬಯಿಯಲ್ಲಿ ಕ್ರೈಸ್ತರು ಹೆಚ್ಚಿರುವ ಮಲಾಡಿನ ಓರ್ಲೆಮ್ ಕಡೆ ಮನೆ ಮಾಡಿಕೊಂಡು ಬಾಲ್ಕನಿ ಕತ್ತಲಾಗಿಟ್ಟರೆ ಹೇಗಿರುತ್ತದೆ ಅಂತ ಅಲ್ಲಿರುವವರಿಗೇ ಗೊತ್ತು, ಎದುರು ಬಿಲ್ಡಿಂಗಿನಲ್ಲಿ ಕಿಟಕಿಗೊಂದು ತೂಗುತ್ತಿರುತ್ತದೆ. ಉಡುಪಿ ಕಡೆಯ ಶಿರ್ವದಿಂದ ಅಮ್ಮ ವಿಡಿಯೋ ಕಾಲ್ ಮಾಡಿದವಳು ಮೊದಲು ಕೇಳಿದ್ದೇ "ನಕ್ಷತ್ರ ಎಲ್ಲಿ ಮಾರಾಯಾ?" ಅಂತ. ಸುಮ್ನೆ ಫೋನನ್ನು ಅಡುಗೆಮನೆ ಕಡೆ ತಿರುಗಿಸಿದೆ.

ಆನ್‌ಲೈನ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಹೋದ ವರ್ಷ ತರಿಸಿದ ಮರ ಫೋಟೋದಲ್ಲಿ ಆಗುಂಬೆ ಕಾಡಿನ ಹಾಗಿತ್ತು, ಪೆಟ್ಟಿಗೆಯಿಂದ ಬಂದದ್ದು ಹಿಡಿಸೂಡಿ. ಹಾಗಾಗಿ ಈ ಸಲ ಒಂದು ಬುಧವಾರ ಅರ್ಧ ದಿನ ರಜೆ ಹಾಕಿ, ಮರೀನ್ ಲೈನ್ಸ್‌ನಲ್ಲಿ ಇಳಿದು ಲೋಹಾರ್ ಚಾಳ್‌ಗೆ ನಡೆದೆ. ಇದು ಮುಂಬಯಿಯ ಲೈಟು, ವಯರಿನ ದೊಡ್ಡ ಪೇಟೆ. ದೀಪಾವಳಿಗೆ ಕಂದೀಲು, ಸೀರಿಯಲ್ ಸೆಟ್ ಮಾರುವವರೇ ಡಿಸೆಂಬರ್‌ನಲ್ಲಿ ನಕ್ಷತ್ರ ನೇತುಹಾಕುತ್ತಾರೆ. ಅಲ್ಲಿಂದ ಕ್ರಾಫರ್ಡ್ ಮಾರ್ಕೆಟ್ ಹತ್ತಿರವೇ, ಮರ, ಅದಕ್ಕೆ ತೂಗುಹಾಕುವ ಬಣ್ಣದ ಗುಂಡು, ತೋರಣ ಎಲ್ಲ ಆ ಸುತ್ತಮುತ್ತ ಸಿಗುತ್ತವೆ.

ಮೊದಲು ನಕ್ಷತ್ರದ ವಿಷಯ, ಯಾಕೆಂದರೆ ನನ್ನ ಪ್ರಕಾರ ಇಡೀ ಅಲಂಕಾರದಲ್ಲಿ ಇದೊಂದಕ್ಕೆ ಜಾಸ್ತಿ ಗಮನ ಕೊಟ್ಟರೆ ಸಾಕು. ಪ್ಲಾಸ್ಟಿಕ್‌ನದು, ಎಲ್‌ಇಡಿ ಪಟ್ಟಿ ಸುತ್ತಿದ್ದು, ಕಾಗದದ್ದು, ಮೂರೂ ಇವೆ. ನಾನು ಕಾಗದದ್ದೇ ತಗೊಂಡೆ, 120 ರೂಪಾಯಿ. ಮಡಚಿದರೆ ಪುಸ್ತಕದಷ್ಟು ತೆಳ್ಳಗೆ, ಬಿಡಿಸಿದರೆ ಐದು ಮೂಲೆ. ಮೈತುಂಬ ಸಣ್ಣ ಸಣ್ಣ ತೂತು, ಒಳಗೆ ಹಳದಿ ಕಾಗದ. ಹಿಂದುಗಡೆ ಬಾಯಿ ತೆರೆದಿರುತ್ತದೆ, ಬಲ್ಬು ಇಳಿಸಿದ ಮೇಲೆ ಅಲ್ಲಿರುವ ದಾರ ಕಟ್ಟಬೇಕು. ಈ ದಾರವನ್ನು ಬಿಗಿಯಾಗಿ ಎಳೆಯಲು ಹೋಗಿ ನಾನು ಒಂದು ಮೂಲೆ ಹರಿದೆ, ಒಳಗಿನಿಂದ ಟೇಪ್ ಹಚ್ಚಿದೆ, ಕೆಳಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹೋಲ್ಡರ್ ಇರುವ ವಯರ್ ಬೇರೆ ಕೊಳ್ಳಬೇಕು, 60 ರೂಪಾಯಿ. ಬಲ್ಬು ಮಾತ್ರ 5 ವಾಟಿನ ಎಲ್‌ಇಡಿಯೇ ಇರಲಿ. ಹಳೆ ಕಾಲದ ತಂತಿ ಬಲ್ಬು ಹಾಕಿದರೆ ಅದರ ಬಿಸಿಗೆ ಕಾಗದ ಕಂದುತ್ತದೆ, ಬೆಂಕಿ ಹತ್ತಿದರೂ ಆಶ್ಚರ್ಯವಿಲ್ಲ. ಗ್ರಿಲ್ಲಿಗೆ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಕಟ್ಟಿದೆ. ಒಟ್ಟು ಕೆಲಸ ಹತ್ತೇ ನಿಮಿಷದ್ದು, ಮನೆ ಬೀದಿಯಿಂದಲೇ ಕಾಣುತ್ತದೆ, ಇನ್ನೇನು ಬೇಕು?

ಇನ್ನು ಸೀರಿಯಲ್ ಸೆಟ್. ಇಲ್ಲಿ ನಾನು ಏಮಾರಿದೆ. ಅಂಗಡಿಯವನು ಮೊದಲ ಸೆಟ್ ಬಿಚ್ಚಿ ಬೋರ್ಡಿಗೆ ಹಾಕಿ ತೋರಿಸಿದ, ಝಗಮಗ ಉರಿಯಿತು, ನಾನು ಖುಷಿಯಲ್ಲಿ ಅದೇ ಥರದ್ದು ಇನ್ನೆರಡು ಕೊಡಿ ಅಂದೆ. ಆ ಎರಡನ್ನು ನೋಡಲಿಲ್ಲ. ಮನೆಗೆ ಬಂದು ಹಾಕಿದರೆ ಒಂದರಲ್ಲಿ ಕೊನೆಯ ಮೂರನೇ ಒಂದು ಭಾಗ ಕಪ್ಪಗೆ. ಇವುಗಳಲ್ಲಿ ಬಲ್ಬುಗಳನ್ನು ತುಂಡು ತುಂಡಾಗಿ ಸಾಲು ಜೋಡಿಸಿರುತ್ತಾರೆ, ಒಂದು ಕಡೆ ತಂತಿ ಬಿಟ್ಟರೆ ಆ ಸಾಲು ಪೂರ್ತಿ ಹೋಗುತ್ತದೆ, ಉಳಿದದ್ದು ಏನೂ ಆಗದವರ ಹಾಗೆ ಉರಿಯುತ್ತಿರುತ್ತದೆ. ಬಿಲ್ ಇಲ್ಲ, ವಾಪಸ್ ಇಲ್ಲ, 130 ರೂಪಾಯಿಗೆ ಮತ್ತೆ ಮಲಾಡಿನಿಂದ ಹೋಗುವವರು ಯಾರು? ಮೂರು ತಗೊಂಡರೆ ಮೂರನ್ನೂ ಹಾಕಿಸಿ ನೋಡಿ, ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ಇನ್ನೊಂದು ಕಿರಿಕಿರಿ ಇದೆ. ಎಂಟು ಥರ ಮಿನುಗುವ ಗುಂಡಿ ಡಬ್ಬಿ ಇರುತ್ತದಲ್ಲ, ಅದು ನಿಮ್ಮ ಇಷ್ಟವನ್ನು ನೆನಪಿಟ್ಟುಕೊಳ್ಳುವುದಿಲ್ಲ. ನನಗೆ ಸುಮ್ಮನೆ ಒಂದೇ ಸಮ ಉರಿಯಬೇಕು. ದಿನಾ ಸಂಜೆ ಸ್ವಿಚ್ ಹಾಕಿದ ಕೂಡಲೇ ಮದುವೆ ಮಂಟಪದ ಹಾಗೆ ಕುಣಿಯಲು ಶುರು, ನಾನು ಸೋಫಾ ಹಿಂದೆ ಬಗ್ಗಿ ಏಳು ಸಲ ಒತ್ತಬೇಕು. ಬಣ್ಣ ತೆಗೆದುಕೊಳ್ಳುವಾಗ ವಾರ್ಮ್ ವೈಟ್ ಅಂತಲೇ ಕೇಳಿ. ಬರೀ ವೈಟ್ ಅಂದರೆ ಟ್ಯೂಬ್‌ಲೈಟಿನ ನೀಲಿ ಬಿಳುಪು ಕೊಡುತ್ತಾರೆ, ಮನೆ ಮೆಡಿಕಲ್ ಶಾಪ್ ಥರ ಕಾಣುತ್ತದೆ.

ಮರ ನಾಲ್ಕು ಅಡಿಯದ್ದು, 650 ರೂಪಾಯಿ. 900 ಹೇಳಿದ್ದ. ಎತ್ತರ ನೋಡಿ ಕೊಳ್ಳಬೇಡಿ, ಕೊಂಬೆ ಎಷ್ಟು ದಟ್ಟ ಇದೆ ನೋಡಿ, ಬಿಚ್ಚಿ ತೋರಿಸಲು ಹೇಳಿ. ತಂದ ಮೇಲೆ ಪ್ರತಿ ಕೊಂಬೆಯನ್ನೂ ಕೈಯಲ್ಲಿ ಹರಡಬೇಕು, ಒಂದು ಗಂಟೆ ಬೇಕಾಯಿತು. ಪ್ಲಾಸ್ಟಿಕ್ ಕಾಲು ಅಲ್ಲಾಡುತ್ತಿತ್ತು, ಹಳೇ ಪೇಂಟ್ ಬಕೆಟ್ಟಿನಲ್ಲಿ ಕಲ್ಲು ತುಂಬಿ ನಿಲ್ಲಿಸಿ ಸುತ್ತ ಕೆಂಪು ದುಪಟ್ಟಾ ಸುತ್ತಿದೆವು. ಲೈಟನ್ನು ಹೊರಗಡೆಯಿಂದ ಸುತ್ತುವ ಬದಲು ಕಾಂಡದ ಹತ್ತಿರ ಒಳಗಡೆ ಓಡಿಸಿದರೆ ಬಡ ಮರವೂ ತುಂಬಿದಂತೆ ಕಾಣುತ್ತದೆ. ದೊಡ್ಡ ಗುಂಡುಗಳೂ ಒಳಗೇ, ಚಿಕ್ಕವು ತುದಿಗೆ. ಗುಂಡಿನ ಡಬ್ಬಿ 160 ರೂಪಾಯಿ. ಗ್ಲಿಟರ್ ಉದುರುವಂಥದ್ದು ಮಾತ್ರ ಬೇಡವೇ ಬೇಡ, ಎರಡು ದಿನ ಆದ ಮೇಲೆ ಬಂಗುಡೆ ಸಾರಿನಲ್ಲೂ ಮಿಂಚು ಕಂಡಿತು. ಗೋಡೆಗೆ ಮೊಳೆ ಹೊಡೆಯಲು ಮನೆ ಓನರ್ ಬಿಡುವುದಿಲ್ಲ, ಅದಕ್ಕೆ ಕಿತ್ತರೂ ಗುರುತು ಉಳಿಯದ ಅಂಟು ಕೊಕ್ಕೆ ಇವೆ, ನಮ್ಮ ಮನೆಯಲ್ಲಿ ಮೊದಲೇ ಇದ್ದವು.

ಎಲ್ಲಕ್ಕಿಂತ ಒಳ್ಳೆಯದು ಪುಕ್ಕಟೆ ಸಿಕ್ಕಿತು. ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲಲ್ಲಿ ಕ್ರಿಸ್ಮಸ್ ಮರವಿದ್ದ ಪೆಟ್ಟಿಗೆ ಹಿಡಿದು ಟ್ಯಾಕ್ಸಿಗೆ ಕಾಯುತ್ತಿದ್ದೆ. ಕಟ್ಟಡ 1869ರದ್ದು, ತಲೆಯ ಮೇಲಿನ ಕಲ್ಲಿನ ಕೆತ್ತನೆ ರಡ್ಯಾರ್ಡ್ ಕಿಪ್ಲಿಂಗ್‌ನ ತಂದೆ ಲಾಕ್‌ವುಡ್ ಕಿಪ್ಲಿಂಗ್ ಅವರ ವಿನ್ಯಾಸ, ಅಷ್ಟು ಸಲ ಹೋಗಿದ್ದರೂ ನಾನು ಕತ್ತೆತ್ತಿ ನೋಡಿದ್ದು ಅವತ್ತೇ. ಕತ್ತು ಇಳಿಸಿದರೆ ಕಾಲ ಬಳಿ ಹಣ್ಣಿನ ಪೆಟ್ಟಿಗೆಯಿಂದ ತೆಗೆದು ಬಿಸಾಡಿದ ಒಣಹುಲ್ಲಿನ ರಾಶಿ! ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹುಲ್ಲು ಎಲ್ಲಿಂದ ತರಲಿ ಅಂತ ತಲೆ ಕೆಡಿಸಿಕೊಂಡಿದ್ದೆ. ಹಣ್ಣಿನವನನ್ನು ಕೇಳಿದರೆ, ಎಷ್ಟು ಬೇಕಾದರೂ ಒಯ್ಯಿ ಅಂದ. ಒಂದು ಚೀಲ ತುಂಬಿಸಿಕೊಂಡೆ.

ಗೋದಲಿಯ ಗೊಂಬೆಗಳು ಅಮ್ಮ ಕೊಟ್ಟ ಹಳೆಯವೇ, ಕತ್ತೆಯ ಒಂದು ಕಿವಿ ಮುರಿದಿದೆ. ಊರಿನಲ್ಲಿ ಮಾಡುವ ಹಾಗೆ ಸ್ಟೀಲ್ ತಟ್ಟೆಯಲ್ಲಿ ತೆಂಗಿನ ನಾರು ಹರಡಿ ರಾಗಿ ಬಿತ್ತಿದೆ, ಎಂಟು ದಿನದಲ್ಲಿ ಹಸಿರು ಗದ್ದೆ. ಬಾಲ ಯೇಸುವಿನ ಜಾಗ 24ರ ರಾತ್ರಿಯವರೆಗೆ ಖಾಲಿ. ಅರ್ಧ ಉರಿಯುವ ಆ ಸೀರಿಯಲ್ ಸೆಟ್ಟನ್ನು ಇದರ ಮೇಲೇ ಹಾಕಿದೆ, ಸತ್ತ ಭಾಗ ಹುಲ್ಲಿನ ಅಡಿಗೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಮರವನ್ನು ಅವಳು ನೋಡಲೇ ಇಲ್ಲ, "ರಾಗಿಗೆ ನೀರು ಜಾಸ್ತಿ ಆಗಿದೆ, ಬುಡ ಕೊಳೀತದೆ ನೋಡು" ಅಂದಳು.

ಹೋಗುವವರು ಭಾನುವಾರ ಹೋಗಬೇಡಿ, ಲೋಹಾರ್ ಚಾಳ್‌ನಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಒಂದು ದೊಡ್ಡ ಚೀಲ ಜಾಸ್ತಿ ಇರಲಿ, ಹುಲ್ಲಿಗೆ.