ಹುಡುಕಿದರೂ ಸಿಗದ ಡ್ರೈನ್ ಕವರ್: ಹತ್ತು ತಿಂಗಳ ಬಳಕೆಯ ನಂತರ

ಮನೆ ಹಿಂದಿನ ಪೂಲ್‌ನಲ್ಲಿ ನಾನು ಮಕ್ಕಳಿಗೆ ಈಜು ಕಲಿಸುತ್ತೇನೆ. ದಿನಕ್ಕೆ ಮೂರು ಗಂಟೆ ಕನ್ನಡಕ ಹಾಕಿಕೊಂಡು ನೀರಿನ ತಳ ನೋಡುತ್ತಾ ಇರುವುದೇ ನನ್ನ ಕೆಲಸ ಅಂದರೂ ತಪ್ಪಿಲ್ಲ. ಹಾಗಾಗಿ ಪೂಲ್‌ಗೆ ಹೊಸ ಫಿನಿಷ್ ಮಾಡಿಸುವಾಗ ಮನೆಯವರೆಲ್ಲ ಟೈಲ್ಸು, ಲೈಟು ಅಂತ ತಲೆಕೆಡಿಸಿಕೊಂಡರೆ, ನಾನು ಡ್ರೈನ್ ಕವರ್, ಅಂದರೆ ತಳದಲ್ಲಿ ನೀರು ಎಳೆದುಕೊಳ್ಳುವ ತೂತಿನ ಮುಚ್ಚಳದ ಹಿಂದೆ ಬಿದ್ದೆ.

ಮೊದಲಿದ್ದದ್ದು ಬಿಳಿ ಗಾರೆ, ಅದರ ಮೇಲೆ ಬಿಳಿ ಪ್ಲಾಸ್ಟಿಕ್ ಜಾಲಿ. ಯಾರ ಕಣ್ಣಿಗೂ ಚುಚ್ಚುತ್ತಿರಲಿಲ್ಲ. ಈ ಸಲ ಗಾಢ ಬೂದು ಬಣ್ಣದ ಪೆಬಲ್ ಫಿನಿಷ್ ಆರಿಸಿದೆವು. ಸಣ್ಣ ಹರಳುಗಳನ್ನು ಸಿಮೆಂಟಿನಲ್ಲಿ ಕಲಸಿ ಬಳಿದು, ಮೇಲಿನ ಸಿಮೆಂಟ್ ತೊಳೆದು ಹರಳು ಕಾಣಿಸುವ ಹಾಗೆ ಮಾಡುತ್ತಾರಲ್ಲ, ಅದು. ಅದರ ಮೇಲೆ ಎರಡು ಬಿಳಿ ಜಾಲಿ ಕೂರಿಸಿದರೆ ಹೇಗಿರುತ್ತದೆ? ಕತ್ತಲಲ್ಲಿ ಬೆಕ್ಕು ಕಣ್ಣು ಬಿಟ್ಟ ಹಾಗೆ.

"ಸ್ಪ್ರೇ ಪೇಂಟ್ ಹೊಡೆದುಬಿಡು" ಅಂದರು ನಮ್ಮೆಜಮಾನರು. ಆ ಪಾಠ ಒಂದು ಸಲ ಆಗಿದೆ. ಮೂರು ವರ್ಷದ ಹಿಂದೆ ಜಾಲಿ ಹಳದಿ ತಿರುಗಿತು ಅಂತ ಬಣ್ಣ ಹೊಡೆದಿದ್ದೆ. ಎರಡೇ ತಿಂಗಳಲ್ಲಿ ಸಿಪ್ಪೆ ಎದ್ದು, ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿ ತುಂಬಾ ಬಣ್ಣದ ಚೂರು. ಆಮೇಲೆ ಗೊತ್ತಾದದ್ದು ಇನ್ನೂ ಕೆಟ್ಟದ್ದು. ಪೇಂಟಿನಲ್ಲಿರುವ ದ್ರಾವಕ ಪ್ಲಾಸ್ಟಿಕ್ಕಿನ ಗಟ್ಟಿತನ ಹಾಳುಮಾಡಬಹುದು, ರಂಧ್ರಗಳೂ ಸಣ್ಣದಾಗುತ್ತವೆ. ಕಂಪನಿಯವರು ಪರೀಕ್ಷೆ ಮಾಡಿಸಿರುವುದು ಬಣ್ಣ ಹೊಡೆಯದ ಕವರನ್ನು. ನಾವು ಬಣ್ಣ ಹೊಡೆದ ಮೇಲೆ ಆ ಪರೀಕ್ಷೆಗೆ ಅರ್ಥವಿಲ್ಲ, ಅಲ್ವಾ?

ಬೂದು, ಕಪ್ಪು, ಮರಳು ಬಣ್ಣದ ರೆಡಿಮೇಡ್ ಕವರ್‌ಗಳೂ ಸಿಗುತ್ತವೆ. ಬಿಳಿಯದಕ್ಕಿಂತ ಎಷ್ಟೋ ವಾಸಿ. ಆದರೆ ಹರಳಿನ ತಳದ ಮೇಲೆ ನುಣ್ಣನೆಯ ಪ್ಲಾಸ್ಟಿಕ್ ಯಾವ ಬಣ್ಣದಲ್ಲಿದ್ದರೂ ಪ್ಲಾಸ್ಟಿಕ್ಕೇ. ಕೊನೆಗೆ ನಾನು ತಂದದ್ದು ತುಂಬಿಸುವ ತಟ್ಟೆಯ ಮಾದರಿ.

ಇದು ಹೀಗಿದೆ. ಕೆಳಗೊಂದು ಚೌಕಟ್ಟು, ಅದರ ಮೇಲೆ ಒಂದು ಅಡಿ ಉದ್ದಗಲದ ಆಳವಿಲ್ಲದ ತಟ್ಟೆ. ತಟ್ಟೆಯ ಒಳಗೆ ಗಾರೆ ಹಿಡಿದುಕೊಳ್ಳಲು ಏಣು, ತೂತು. ತಳಕ್ಕೆ ಬಳಿಯುವ ಅದೇ ಮಾಲನ್ನು ತಟ್ಟೆಯೊಳಗೂ ತುಂಬಬೇಕು. ನೀರು ಹೋಗುವುದು ಮೇಲಿನಿಂದಲ್ಲ, ತಟ್ಟೆಗೂ ಚೌಕಟ್ಟಿಗೂ ನಡುವೆ ನಾಲ್ಕೂ ಕಡೆ ಬಿಟ್ಟಿರುವ ತೆಳ್ಳನೆಯ ಸಂದಿಯಿಂದ. ಬಾಕ್ಸ್ ತೆರೆದ ಕೂಡಲೇ ಐದು ವರ್ಷದ ಶಿಷ್ಯನ ಕೈ ಹಿಡಿದು ಕಿರುಬೆರಳು ಹಾಕಿಸಿ ನೋಡಿದೆ. ಹೋಗಲಿಲ್ಲ.

ಬಣ್ಣಕ್ಕಿಂತ ಮೊದಲು ನಾನು ನೋಡಿದ್ದು ಅಂಚಿನ ಮೇಲೆ ಅಚ್ಚೊತ್ತಿದ್ದ ಸಂಖ್ಯೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಡ್ರೈನ್ ಅಂದರೆ ಪೂಲ್ ಖಾಲಿ ಮಾಡುವ ತೂತು ಅಂತ ತುಂಬಾ ಜನ ತಿಳಿದಿದ್ದಾರೆ. ಪಂಪ್ ಓಡುವಷ್ಟು ಹೊತ್ತೂ ಅದು ನೀರು ಎಳೆಯುತ್ತಲೇ ಇರುತ್ತದೆ. ಮೈ ಅದರ ಮೇಲೆ ಕೂತು ಬಾಯಿ ಮುಚ್ಚಿತೋ, ದೊಡ್ಡವರು ಹಿಡಿದೆಳೆದರೂ ಬಿಡಿಸಲು ಆಗದಷ್ಟು ಹಿಡಿತ. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಮೊಮ್ಮಗಳು, ಏಳು ವರ್ಷದ ವರ್ಜೀನಿಯಾ ಗ್ರೇಮ್ ಬೇಕರ್, 2002ರಲ್ಲಿ ಹೀಗೇ ಹಾಟ್ ಟಬ್ಬಿನ ಡ್ರೈನ್‌ಗೆ ಸಿಕ್ಕಿಬಿದ್ದು ತೀರಿಕೊಂಡಳು. ಅವಳ ಹೆಸರಲ್ಲೇ 2007ರಲ್ಲಿ ಅಲ್ಲಿ ಕಾನೂನು ಬಂತು. 2008ರ ಡಿಸೆಂಬರ್‌ನಿಂದ ಪರೀಕ್ಷೆ ಪಾಸಾದ ಕವರ್ ಮಾತ್ರ ಅಲ್ಲಿ ಮಾರಬಹುದು. ನಿಮಿಷಕ್ಕೆ ಎಷ್ಟು ನೀರು ಎಳೆಯಬಹುದು, ತಳಕ್ಕೋ ಗೋಡೆಗೋ, ಎಷ್ಟು ವರ್ಷ ಬಾಳಿಕೆ ಅಂತೆಲ್ಲ ಕವರ್ ಮೇಲೆ ಬರೆಯುವುದು ಇದಕ್ಕೇ.

ನಮ್ಮ ಕವರ್ ಮೇಲೆ 88 ಗ್ಯಾಲನ್ ಅಂತ ಇತ್ತು. ಅಮೆರಿಕದ ಗ್ಯಾಲನ್, ಅಂದರೆ ಸುಮಾರು 333 ಲೀಟರ್. ನಮ್ಮ ಪಂಪ್ ನಿಮಿಷಕ್ಕೆ 260 ಲೀಟರ್ ಎಳೆಯುತ್ತದೆ. ಡ್ರೈನ್ ಎರಡಿವೆಯಲ್ಲ, ಅರ್ಧ ಅರ್ಧ ಲೆಕ್ಕ ಹಾಕೋಣ ಅನ್ನಬೇಡಿ. ಒಂದು ಮುಚ್ಚಿಕೊಂಡರೆ ಇನ್ನೊಂದೇ ಪೂರ್ತಿ ಹೊರಬೇಕು. ಎರಡರ ನಡುವೆ ಮೂರು ಅಡಿಯಾದರೂ ಇರಬೇಕು ಅನ್ನುವುದೂ ಅದಕ್ಕೇ, ಒಬ್ಬರ ಮೈ ಎರಡನ್ನೂ ಒಟ್ಟಿಗೆ ಮುಚ್ಚಬಾರದು. ಕವರ್ ಕೆಳಗಿನ ಗುಂಡಿಯ ಆಳ ಹೊಂದುತ್ತದಾ ಅಂತಲೂ ಅಳೆಯಿಸಿ. ನಮ್ಮದು ಹೊಂದಿತು, ಬಚಾವಾದೆ.

ಇನ್ನು ಕೂರಿಸಿದ ಕತೆ. ಬಾಕ್ಸ್‌ನಲ್ಲಿ ಎರಡು ಕವರ್‌ಗೆ ಎಂಟು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಗಾರೆ ಹಾಕುವಾಗ ಸ್ಕ್ರೂ ತೂತು ಮುಚ್ಚಿಕೊಳ್ಳದ ಹಾಗೆ ಸಿಕ್ಕಿಸಲು ಎಂಟು ರಬ್ಬರ್ ಬಿರಡೆ ಇರಬೇಕು. ಬಿರಡೆ ಐದೇ ಇತ್ತು. ಕೇಳಿದರೆ "ಕಳಿಸ್ತೀವಿ" ಅಂದರು. ಗಾರೆ ಕೆಲಸ ಒಂದು ಸಲ ಶುರುವಾದರೆ ಯಾರಿಗೋಸ್ಕರವೂ ನಿಲ್ಲುವುದಿಲ್ಲ. ಮೇಸ್ತ್ರಿ ಮೊದಲ ತಟ್ಟೆಯನ್ನು ತಳದ ಜೊತೆಗೇ ತುಂಬಿದರು. ಅದೇ ಮಿಕ್ಸು, ಅದೇ ಕರಣೆ, ಅದೇ ಗಂಟೆ. ತೊಳೆಯುವಾಗಲೂ ತಳ, ತಟ್ಟೆ ಒಟ್ಟಿಗೇ ತೊಳೆದರು. ಎರಡನೆಯದು ಉಳಿದುಕೊಂಡಿತು. ಮಾರನೇ ದಿನ ಬಿರಡೆ ಬಂದ ಮೇಲೆ, ಅದೇ ಚೀಲದ ಪುಡಿ, ಅದೇ ಹರಳು ಕಲಸಿ ತುಂಬಿದರು. "ಅದೇ ಮಾಲು ಮೇಡಂ, ಗೊತ್ತೇ ಆಗಲ್ಲ" ಅಂದರು.

ಗೊತ್ತಾಯಿತು.

ಪೂಲ್ ತುಂಬಿದ ದಿನ ಮುಳುಗಿ ನೋಡಿದೆ. ಮೊದಲನೆಯದನ್ನು ಹುಡುಕಲು ನನಗೇ ಕೈಯಾಡಿಸಬೇಕಾಯಿತು. ಹರಳಿನ ಮೇಲೆ ಹರಳು, ನಡುವೆ ಪೆನ್ಸಿಲ್ ಗೀರಿನಂಥ ಸಂದಿ, ಅಷ್ಟೇ. ಎರಡನೆಯದು ಕಂಬಳಿಗೆ ಹಾಕಿದ ತೇಪೆಯ ಹಾಗೆ ತೋರುತ್ತಿತ್ತು. ಮಾಲು ಅದೇ ಇದ್ದರೂ ಕಲಸುವಾಗ ನೀರು ಒಂದು ಲೋಟ ಹೆಚ್ಚಾದರೆ ಬಣ್ಣ ತಿಳಿಯಾಗುತ್ತದೆ. ಕರಣೆಯಲ್ಲಿ ಜಾಸ್ತಿ ತಿಕ್ಕಿದರೆ ಕಪ್ಪಾಗುತ್ತದೆ. ತೊಳೆಯುವುದು ಒಂದು ಗಂಟೆ ಹಿಂದೆಮುಂದೆ ಆದರೆ ಹರಳು ಕಾಣುವ ರೀತಿಯೇ ಬೇರೆ. ಹತ್ತು ತಿಂಗಳಾದ ಮೇಲೆ ಈಗ ವ್ಯತ್ಯಾಸ ಸ್ವಲ್ಪ ಮಾಸಿದೆ. ಸುಮಾರು ಎರಡು ಮೀಟರ್ ನೀರು ಮೇಲಿರುವುದರಿಂದ ಎಲ್ಲದಕ್ಕೂ ಒಂದೇ ನೀಲಿ ಛಾಯೆ ಬಂದು ಬೇರೆಯವರಿಗೆ ಕಾಣುವುದಿಲ್ಲ. ನನಗೆ ಕಾಣುತ್ತದೆ. ದಿನಾ ಕಾಣುತ್ತದೆ.

ಇನ್ನೊಂದು ಮಾತು. ಕರಣೆ ಎಳೆದಾಗ ಸಂದಿಯೊಳಗೆ ಗಾರೆ ಇಳಿಯುತ್ತದೆ. ಸುತ್ತ ಟೇಪ್ ಹಾಕಿದ್ದರೂ ಒಂದು ಕಡೆ ಎರಡು ಬೆರಳಗಲ ತುಂಬಿಕೊಂಡಿತ್ತು. ಹಸಿ ಇರುವಾಗಲೇ ನೋಡಿದ್ದಕ್ಕೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಕೆರೆದು ತೆಗೆದೆ. ಸಂದಿ ಮುಚ್ಚಿದಷ್ಟೂ ಉಳಿದ ಕಡೆ ಎಳೆತ ಹೆಚ್ಚು. 88 ಗ್ಯಾಲನ್ ಅನ್ನುವ ಲೆಕ್ಕ ಪೂರ್ತಿ ಸಂದಿ ತೆರೆದಿದ್ದರೆ ಮಾತ್ರ. ಹಾಗಾಗಿ ಗಾರೆ ಹಾಕುವ ದಿನ ನೀವು ಅಲ್ಲೇ ಇರಿ.

ಬಳಕೆಯಲ್ಲಿ ಖುಷಿ ಕೊಟ್ಟದ್ದೂ ಇದೆ. ಹಳೆಯ ಜಾಲಿ ಉಬ್ಬಿಕೊಂಡಿತ್ತು. ತಳ ಉಜ್ಜುವ ರೋಬೋ ಅದರ ಮೇಲೆ ಹತ್ತಿ, ಚಕ್ರ ಗಾಳಿಯಲ್ಲಿ ತಿರುಗಿಸುತ್ತಾ ಬೆಳಗಿನವರೆಗೂ ಅಲ್ಲೇ ಕೂತಿರುತ್ತಿತ್ತು. ಈಗ ತಳ ಸಮತಟ್ಟು, ಸಲೀಸಾಗಿ ದಾಟುತ್ತದೆ. ಗಾಳಿ ಬೀಸಿದ ಮಾರನೇ ದಿನ ಮಾತ್ರ ಒಂದು ತಮಾಷೆ. ಎಲೆ ಚೂರುಗಳೆಲ್ಲ ಸಂದಿಗೆ ಬಂದು ಅಂಟಿ, ತಳದಲ್ಲಿ ಯಾರೋ ಹಸಿರು ಬಳಪದಲ್ಲಿ ಚೌಕ ಬರೆದ ಹಾಗೆ ಕಾಣುತ್ತದೆ. ಇಷ್ಟೆಲ್ಲ ಮಾಡಿ ಅಡಗಿಸಿದ್ದನ್ನು ನಾಲ್ಕು ಎಲೆ ಬಯಲು ಮಾಡುತ್ತವೆ. ವಾರಕ್ಕೊಮ್ಮೆ ಪಂಪ್ ನಿಲ್ಲಿಸಿ, ಮುಳುಗಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತೇನೆ. ಕೂದಲು ಅಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಡಬಾರದು. ಅದೇ ಹೊತ್ತಿಗೆ ಸ್ಕ್ರೂ ಬಿಗಿ ಇದೆಯಾ ಅಂತಲೂ ನೋಡುತ್ತೇನೆ. ಒಂದು ಕವರ್ ಅಲ್ಲಾಡಿದರೂ ಆ ದಿನ ಕ್ಲಾಸ್ ಇಲ್ಲ.

ತಟ್ಟೆ ಎತ್ತುವುದು ಸುಲಭ ಅಲ್ಲ. ತುಂಬಿದ ಮೇಲೆ ಮೂರು ಕಿಲೋಗೆ ಕಡಿಮೆ ಇಲ್ಲ.

ಖರೀದಿಸುವಾಗ ಯಾರೂ ಹೇಳದ ತೊಂದರೆ ಬೇರೆ ಇದೆ. ಕವರ್ ಮೇಲೆ ಬಾಳಿಕೆ 7 ವರ್ಷ ಅಂತ ಬರೆದಿದೆ. ಮುಗಿದ ಮೇಲೆ ಬದಲಿಸಲೇಬೇಕು. ಬರಿಯ ಪ್ಲಾಸ್ಟಿಕ್ ಜಾಲಿಯಾದರೆ ಸ್ಕ್ರೂ ಬಿಚ್ಚಿ ಹೊಸದು ಹಾಕಿದರೆ ಮುಗೀತು. ಇದಕ್ಕೆ ಹೊಸ ತಟ್ಟೆಗೆ ಮತ್ತೆ ಗಾರೆ ತುಂಬಬೇಕು, ಅದೂ ಏಳು ವರ್ಷ ನೀರಲ್ಲಿ ನೆಂದು ಬಣ್ಣ ತಿರುಗಿದ ತಳಕ್ಕೆ ಹೊಂದುವ ಹಾಗೆ. ಒಂದೇ ದಿನ ತಡವಾಗಿದ್ದಕ್ಕೆ ನಮ್ಮ ತೇಪೆ ಹಾಗಾಯಿತು ಅಂದಮೇಲೆ ಏಳು ವರ್ಷದ ಕತೆ ನೀವೇ ಊಹಿಸಿ. ಮೊದಲೇ ಹೊಳೆದಿದ್ದರೆ ಎರಡು ತಟ್ಟೆ ಹೆಚ್ಚಿಗೆ ತರಿಸಿ, ಅದೇ ದಿನ ಅದೇ ಮಿಕ್ಸ್ ತುಂಬಿಸಿ ಇಟ್ಟುಕೊಳ್ಳುತ್ತಿದ್ದೆ. ಈಗ ಗ್ಯಾರೇಜಿನಲ್ಲಿ ಅರ್ಧ ಚೀಲ ಹರಳು ಇಟ್ಟಿದ್ದೇನೆ, ಅಷ್ಟೇ.

ಇಷ್ಟಾದರೂ ನಾನು ನಿಜವಾಗಿ ಎಡವಿದ್ದು ಬೇರೆ ಕಡೆ.

ದಿನಾ ಬೆಳಿಗ್ಗೆ ದಂಡೆ ಮೇಲೆ ನಿಂತು ಆಳದ ಕಡೆಯ ಜಾಲಿ ನೋಡುವುದು ನನ್ನ ಹಳೆ ಅಭ್ಯಾಸ. ಅದರ ಗೆರೆಗಳು ಸ್ಪಷ್ಟ ಕಂಡರೆ ನೀರು ತಿಳಿಯಾಗಿದೆ ಅಂತ ಅರ್ಥ. ಮಸುಕಾಗಿದ್ದರೆ ಮಕ್ಕಳನ್ನು ಇಳಿಸುವುದಿಲ್ಲ. ತಳದಲ್ಲಿ ಮಗು ಬಿದ್ದಿದ್ದರೆ ಕಾಣಬೇಕಲ್ಲ. ಇದು ನಾನು ಕಂಡುಹಿಡಿದದ್ದೇನಲ್ಲ, ಎಷ್ಟೋ ಕಡೆ ಸಾರ್ವಜನಿಕ ಪೂಲ್‌ಗಳ ನಿಯಮವೇ ಹಾಗಿದೆ. ಡ್ರೈನ್ ಕಾಣದಿದ್ದರೆ ಪೂಲ್ ಮುಚ್ಚಬೇಕು. ನಾನೋ ಕಷ್ಟಪಟ್ಟು ಅದನ್ನೇ ಕಾಣದ ಹಾಗೆ ಮಾಡಿಬಿಟ್ಟಿದ್ದೆ! ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ದಂಡೆಯಿಂದ ನೋಡಿದರೆ ತಳ ಎಂದಿನ ಹಾಗೇ ಬೂದು. ಸರಿ ಇದೆ ಅಂದುಕೊಂಡು ಮೊದಲು ನಾನು ಇಳಿದೆ. ಚಾಚಿದ ನನ್ನ ಬೆರಳುಗಳೇ ಮಬ್ಬು ಮಬ್ಬು. ಮೆಟ್ಟಿಲ ಮೇಲೆ ನಿಂತಿದ್ದ ಆರು ಮಕ್ಕಳನ್ನು ಹಾಗೇ ವಾಪಸ್ ಕಳಿಸಿದೆ.

ಅದೇ ವಾರ ಹತ್ತು ಸೆಂಟಿಮೀಟರ್ ಚೌಕದ ಒಂದು ಟೈಲ್ ತಂದೆ. ನೀರೊಳಗೇ ಗಟ್ಟಿಯಾಗುವ ಎಪಾಕ್ಸಿ ಅಂಟು ಸಿಗುತ್ತದೆ, ಎರಡು ಮುದ್ದೆ ಕಲಸಿ ಒತ್ತಬೇಕು. ಆಳದ ಕಡೆ, ಡ್ರೈನ್‌ಗಳಿಂದ ದೂರ, ಗೋಡೆ ಹತ್ತಿರ ಅಂಟಿಸಿದೆ. ಗಾಢ ಬೂದು ತಳದ ಮೇಲೆ ಎದ್ದು ಕಾಣಬೇಕಲ್ಲ, ಹಾಗಾಗಿ ಬಿಳಿ ಟೈಲ್.

ನಮ್ಮೆಜಮಾನರು ದಂಡೆ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದರು. "ಅಲ್ಲ ಕಣೇ, ಬಿಳಿ ಕಾಣಬಾರದು ಅಂತ ತಾನೇ ಇಷ್ಟೆಲ್ಲ ಮಾಡಿದ್ದು?"

ಕವರ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿರುವುದು ಆ ಮೂರು ಬಿರಡೆಗೆ. ಮೊದಲೆಲ್ಲ ಮುಳುಗಿ ಜಾಲಿ ಮುಟ್ಟಿ ಬರುವ ಪಂದ್ಯ ಕಟ್ಟುತ್ತಿದ್ದ ಮಕ್ಕಳಿಗೆ ಗದರಿ ಗದರಿ ಸಾಕಾಗಿತ್ತು. ಈಗ ಅವರು ಮುಟ್ಟುವುದು ಗೋಡೆ ಪಕ್ಕದ ಬಿಳಿ ಟೈಲನ್ನು. ಹೊಸದಾಗಿ ಸೇರಿದವನೊಬ್ಬ ಹೋದ ವಾರ ಕೇಳಿದ, "ಮಿಸ್, ಈ ಪೂಲ್‌ಗೆ ಡ್ರೈನೇ ಇಲ್ವಾ?"